ಜೌಗಿನ ಹಕ್ಕಿಗಳನ್ನು ಎಲ್ಲರೂ ನೋಡುವಂತಾಗಲು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾವು ಒಂದು ಜೌಗು ಪಕ್ಷಿಧಾಮಕ್ಕೆ ನೆರವಾಗುತ್ತಿರುವ ಸಣ್ಣ ಬಳಗ. ಗಾಲಿಕುರ್ಚಿಯಲ್ಲಿ ಬರುವವರು, ವಯಸ್ಸಾದವರು ಕೂಡ ಹಕ್ಕಿ ನೋಡುವಂತಾಗಬೇಕು ಅಂತ ಆಸೆ. ನೀರಿನ ನಡುವಿನವರೆಗೆ ಮರದ ಹಲಗೆ ದಾರಿ ಹಾಕಿಸೋಣ ಅಂತ ಕೆಲವರು ಹೇಳುತ್ತಾರೆ. ಹಕ್ಕಿಗಳು ಹೆದರುತ್ತವೆ, ಜೌಗು ಕೆಡುತ್ತದೆ ಅಂತ ಇನ್ನು ಕೆಲವರು. ಕೈಯಲ್ಲಿರುವ ದುಡ್ಡು ಕಡಿಮೆ. ಎಲ್ಲಿಂದ ಶುರು ಮಾಡಬೇಕು? ಕಣ್ಣು ಕಾಣದವರಿಗೆ ಇಲ್ಲಿ ಏನಿದೆ? ದೋಣಿಯ ಏರ್ಪಾಡು ಮಾಡಬಹುದೇ?

ಉತ್ತರ: ನೀರಿನ ನಡುವಿನ ಹಲಗೆ ದಾರಿಯ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದು ಬೇಕಾಗಬಹುದು, ಬೇಡವೂ ಆಗಬಹುದು. ನೀವು ಶುರು ಮಾಡಬೇಕಾದದ್ದು ಗೇಟಿನಿಂದ.

ಗಾಲಿಕುರ್ಚಿಯಲ್ಲಿ ಬಂದವರು ಅರ್ಧಕ್ಕೇ ವಾಪಸಾಗುವುದು ಸಾಮಾನ್ಯವಾಗಿ ನೀರಿನ ಹತ್ತಿರ ಅಲ್ಲ. ಕಾರು ನಿಲ್ಲಿಸುವ ಜಾಗದ ಸಡಿಲ ಜಲ್ಲಿಯಲ್ಲಿ. ಬೈಕು ಒಳಗೆ ನುಗ್ಗದಿರಲಿ ಅಂತ ಹಾಕಿದ ಸುತ್ತುಗೇಟಿನಲ್ಲಿ. ಟಿಕೆಟ್ ಕಿಟಕಿಯ ಮುಂದಿನ ಒಂದೇ ಒಂದು ಮೆಟ್ಟಿಲಿನಲ್ಲಿ. ಇನ್ನು ಶೌಚಾಲಯ. ತಮಗೆ ಬಳಸಲು ಆಗುವಂಥದ್ದು ಅಲ್ಲಿಲ್ಲ ಅಂತ ಗೊತ್ತಾದರೆ ಎಷ್ಟೋ ಜನ ಬೆಳಗ್ಗೆಯಿಂದ ನೀರೇ ಕುಡಿಯದೆ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಹಾಗಾಗಿ ನಿಮ್ಮ ಮೊದಲ ದುಡ್ಡು ಶೌಚಾಲಯಕ್ಕೆ ಹೋಗಲಿ. ಬಾಗಿಲು ಹೊರಗೆ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು. ತೆರೆದಾಗ 90 ಸೆಂ.ಮೀ. ಜಾಗ ಸಿಗಬೇಕು. ಒಳಗೆ 1.5 ಮೀಟರ್ ಅಗಲದ ವೃತ್ತದಷ್ಟು ಖಾಲಿ ನೆಲ ಇರಬೇಕು, ಕಮೋಡಿನ ಪಕ್ಕ ಗಟ್ಟಿಯಾದ ಹಿಡಿಕಂಬಿ ಇರಬೇಕು. ಆ ಖಾಲಿ ನೆಲ ಇದೆಯಲ್ಲ, ಪೊರಕೆ, ಬಕೆಟ್ಟು, ಹಳೇ ಬೋರ್ಡು ತುಂಬಿಡಲು ಎಲ್ಲರ ಕಣ್ಣು ಬೀಳುವುದು ಅದರ ಮೇಲೇ. ದಯವಿಟ್ಟು ಬಿಡಬೇಡಿ.

ಇದಕ್ಕೂ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ, ಅದಕ್ಕೆ ಖರ್ಚು ಬಹಳ ಕಡಿಮೆ. ಗಾಲಿಕುರ್ಚಿ ಬಳಸುವವರು, ಊರುಗೋಲು ಹಿಡಿದು ನಡೆಯುವವರು, ಬಿಳಿಕೋಲು ಬಳಸುವವರನ್ನು ಕರೆಸಿ. ಅವರ ಜೊತೆ ಗೇಟಿನಿಂದ ನೀರಿನವರೆಗೆ ಹೋಗಿ. ಒಣಗಿದ ದಿನ ಬೇಡ, ಮಳೆ ಬಂದ ಮಾರನೇ ದಿನ ಹೋಗಿ. ಎಲ್ಲಿ ನಿಂತರು, ಎಲ್ಲಿ ಬೇರೆಯವರು ತಳ್ಳಬೇಕಾಯಿತು, ಎಲ್ಲಿ ದಾರಿಯೇ ಗೊತ್ತಾಗಲಿಲ್ಲ, ಎಲ್ಲವನ್ನೂ ಟೇಪು ಹಿಡಿದು ಅಳೆದು ಬರೆದುಕೊಳ್ಳಿ. ಅವರ ಸಮಯಕ್ಕೆ ಸಂಭಾವನೆ ಕೊಡಿ, ಅದು ಸಲಹೆಗಾರರ ಕೆಲಸವೇ ಅಲ್ವಾ? ನೀವೇ ಒಂದು ಗಾಲಿಕುರ್ಚಿ ತಂದು ಕೂತು ನೋಡಿದರೆ ಸಾಲದು. ಕಾಲಲ್ಲಿ ಬಲವಿರುವವರು ಕುರ್ಚಿ ವಾಲಿದ ಕೂಡಲೇ ಗೊತ್ತಿಲ್ಲದ ಹಾಗೆ ಕಾಲೂರಿಬಿಡುತ್ತಾರೆ.

ಇನ್ನು ದಾರಿ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಜೌಗಿನಲ್ಲಿ ಹೆಚ್ಚಿನ ಯೋಜನೆಗಳು ಕೆಡುವುದು ಇಲ್ಲೇ.

ಗಾಲಿಕುರ್ಚಿಯ ಮುಂದಿನ ಚಕ್ರಗಳನ್ನು ಒಮ್ಮೆ ಬಗ್ಗಿ ನೋಡಿ. ಹಿಂದಿನವು ದೊಡ್ಡವು, ಮುಂದಿನವು ಅಂಗೈಯಗಲ ಅಷ್ಟೇ. ದಪ್ಪ ಎರಡು ಮೂರು ಸೆಂ.ಮೀ. ದಾರಿ ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಮಾನಿಸುವುದು ಈ ಪುಟ್ಟ ಚಕ್ರಗಳು. ಮರಳಿನಲ್ಲಿ ಇವು ಹೂತುಹೋಗುತ್ತವೆ. ದುಂಡು ಜಲ್ಲಿಯಲ್ಲಿ ಅಡ್ಡ ತಿರುಗಿ ನಿಲ್ಲುತ್ತವೆ. ಹಲಗೆಗಳ ಸಂದಿನಲ್ಲಿ ಸಿಕ್ಕಿಕೊಂಡರೆ ಕುರ್ಚಿ ಗಕ್ಕನೆ ನಿಂತು ಕೂತವರು ಮುಂದಕ್ಕೆ ಬೀಳುತ್ತಾರೆ. ಅದಕ್ಕೇ ಹಲಗೆಗಳನ್ನು ನಡೆಯುವ ದಿಕ್ಕಿಗೆ ಅಡ್ಡಲಾಗಿ ಹಾಕಬೇಕು, ಉದ್ದುದ್ದ ಹಾಕಲೇಬಾರದು. ಸಂದು 12 ಮಿ.ಮೀ. ದಾಟಬಾರದು. ಮರ ಒಣಗಿದರೆ ಸಂದು ಅಗಲವಾಗುತ್ತದೆ. ಹಾಗಾಗಿ ಹಸಿ ಮರ ಬಳಸುವಾಗ ಇನ್ನೂ ಕಿರಿದಾಗಿ ಬಿಡಿ. ಊರುಗೋಲಿನ ತುದಿ, ಬಿಳಿಕೋಲಿನ ತುದಿಗೂ ಇದೇ ಲೆಕ್ಕ.

ನೆಲ ಗಟ್ಟಿ ಇರುವ ಕಡೆ ಹಲಗೆ ಬೇಡವೇ ಬೇಡ. ಚೂಪು ಅಂಚಿನ ಸಣ್ಣ ಜಲ್ಲಿಯನ್ನು ಅದರದೇ ಪುಡಿಯ ಜೊತೆ ಹಾಸಿ, ನೀರು ಚಿಮುಕಿಸಿ, ರೋಲರ್ ಹೊಡೆದರೆ ಗಟ್ಟಿಯಾಗಿ ಕೂರುತ್ತದೆ. ದುಂಡು ಕಲ್ಲು ಎಷ್ಟು ರೋಲರ್ ಹೊಡೆದರೂ ಕೂರುವುದಿಲ್ಲ. ದಾರಿಯ ಅಗಲ ಕನಿಷ್ಠ 1.2 ಮೀಟರ್ ಇರಲಿ. ಎದುರಿಂದ ಇನ್ನೊಂದು ಕುರ್ಚಿ ಬಂದರೆ ದಾಟಲು 1.8 ಮೀಟರ್ ಬೇಕು. ಪೂರ್ತಿ ದಾರಿ ಅಷ್ಟು ಅಗಲ ಮಾಡಲು ಆಗದಿದ್ದರೆ, ಒಂದು ಕಡೆ ನಿಂತರೆ ಇನ್ನೊಂದು ಕಾಣುವ ಅಂತರದಲ್ಲಿ ಅಗಲದ ತಾಣಗಳನ್ನು ಮಾಡಿ. ನೀರು ಹರಿದುಹೋಗಲಿ ಅಂತ ದಾರಿಯನ್ನು ಒಂದು ಬದಿಗೆ ವಾಲಿಸುತ್ತಾರೆ. ಆ ವಾಲು 50ಕ್ಕೆ 1ರಷ್ಟು, ಅಂದರೆ 50 ಸೆಂ.ಮೀ. ಅಗಲಕ್ಕೆ 1 ಸೆಂ.ಮೀ. ಇಳಿತ, ಸಾಕು. ಅದಕ್ಕಿಂತ ಜಾಸ್ತಿಯಾದರೆ ಕುರ್ಚಿ ಸದಾ ತಗ್ಗಿನ ಕಡೆಗೇ ಎಳೆಯುತ್ತದೆ. ಅದನ್ನು ನೇರ ಇಡಲು ಒಂದೇ ಕೈಯಲ್ಲಿ ತಳ್ಳಿ ತಳ್ಳಿ ಭುಜ ಸೋತುಹೋಗುತ್ತದೆ.

ಈಗ ಯಾರೂ ಗಮನ ಕೊಡದ ಒಂದು ಜಾಗಕ್ಕೆ ಬರೋಣ. ಮಣ್ಣಿನ ದಾರಿ ಮುಗಿದು ಹಲಗೆ ಶುರುವಾಗುವ ಜಾಗ. ಹಲಗೆ ದಾರಿ ಕಂಬಗಳ ಮೇಲೆ ನಿಂತಿರುತ್ತದೆ, ಬೇಗ ಕುಸಿಯುವುದಿಲ್ಲ. ಪಕ್ಕದ ಮಣ್ಣು ನೆನೆದು, ಒಣಗಿ, ತುಳಿತಕ್ಕೆ ಸಿಕ್ಕಿ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತದೆ. ಉದ್ಘಾಟನೆಯ ದಿನ ಸಮವಾಗಿದ್ದ ಜಾಗದಲ್ಲಿ ನಿಧಾನವಾಗಿ ಎರಡು ಬೆರಳಗಲದ ಅಂಚು ಏಳುತ್ತದೆ. ನಡೆಯುವವರಿಗೆ ಅದು ಕಾಣುವುದೇ ಇಲ್ಲ, ದಾಟಿ ಹೋಗುತ್ತಾರೆ. ಆದರೆ 6 ಮಿ.ಮೀ.ಗಿಂತ ಎತ್ತರದ ನೇರ ಅಂಚು ಮುಂದಿನ ಚಕ್ರಕ್ಕೆ ತೊಡಕು. ಎರಡು ಬೆರಳಗಲ ಅಂದರೆ ಅನೇಕರಿಗೆ ದಾರಿ ಅಲ್ಲಿಗೇ ಮುಗಿಯಿತು. ಮಳೆಯಾದರೆ ಆ ಅಂಚಿನ ಬುಡದಲ್ಲೇ ನೀರು ನಿಂತು ಕೆಸರಾಗುತ್ತದೆ. ಇದಕ್ಕೆ ಒಂದು ಸರಳ ಉಪಾಯವಿದೆ. ಒಂದೂವರೆ ಎರಡು ಮೀಟರ್ ಉದ್ದದ ಚಪ್ಪಡಿಯ ಒಂದು ತುದಿಯನ್ನು ಹಲಗೆ ದಾರಿಯ ತೊಲೆಯ ಮೇಲೆ, ಇನ್ನೊಂದು ತುದಿಯನ್ನು ನೆಲದ ಮೇಲೆ ಕೂರಿಸಬೇಕು. ನೆಲ ಕುಸಿದಾಗ ಚಪ್ಪಡಿಯೂ ಅದರ ಜೊತೆ ಸ್ವಲ್ಪ ಓರೆಯಾಗುತ್ತದೆ, ಅಂಚು ಏಳುವುದಿಲ್ಲ. ಹೀಗೆ ಮಾಡದಿದ್ದರೆ ಪ್ರತಿ ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಮಣ್ಣು ತುಂಬಿಸುವ ಕೆಲಸವನ್ನು ಯಾರಿಗಾದರೂ ಹೆಸರು ಹೇಳಿ ಒಪ್ಪಿಸಿ.

ಪಾಚಿ ಇನ್ನೊಂದು ತಲೆನೋವು. ನೆರಳಿನಲ್ಲಿರುವ ಒದ್ದೆ ಹಲಗೆ ಮೇಲೆ ಪಾಚಿ ಬಂದೇ ಬರುತ್ತದೆ. ಅದರ ಮೇಲೆ ಕೋಳಿಬಲೆಯಂಥ ತಂತಿಬಲೆ ಬಡಿಯುವುದು ರೂಢಿ. ಹೊಸದರಲ್ಲಿ ಜಾರುವುದಿಲ್ಲ ನಿಜ. ತುಕ್ಕು ಹಿಡಿದು ಕಿತ್ತುಬಂದ ಮೇಲೆ ಅದೇ ಬಲೆ ಚಕ್ರಕ್ಕೆ, ಚಪ್ಪಲಿಗೆ, ಬಿಳಿಕೋಲಿಗೆ ಸಿಕ್ಕಿಕೊಳ್ಳುತ್ತದೆ. ಅದರ ಬದಲು ಒರಟು ಮರಳು ಕೂರಿಸಿದ ಪಟ್ಟಿಗಳನ್ನು ಹಲಗೆಗೆ ಸಮವಾಗಿ ಅಂಟಿಸುವುದು ಮೇಲು. ಮೇಲಿನ ಕೊಂಬೆ ಸ್ವಲ್ಪ ಸವರಿ ಬಿಸಿಲು ಬೀಳುವಂತೆ ಮಾಡಿ, ಆಗಾಗ ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿ. ಪಾಚಿ ಸಾಯಿಸುವ ರಾಸಾಯನಿಕ ಮಾತ್ರ ಬೇಡ, ಅದು ನೇರವಾಗಿ ನೀರಿಗೆ ಇಳಿಯುತ್ತದೆ. ಮರ ಕೊಳೆಯದಿರಲಿ ಅಂತ ಹಾಕುವ ತಾಮ್ರದ ಮದ್ದಿಗೂ ಇದೇ ಮಾತು. ತಾಮ್ರ ನೀರಿನ ಸಣ್ಣ ಜೀವಿಗಳಿಗೆ ವಿಷ. ಮರುಬಳಕೆಯ ಪ್ಲಾಸ್ಟಿಕ್ ಹಲಗೆ ಕೊಳೆಯುವುದಿಲ್ಲ, ಆದರೆ ಬಿಸಿಲಿಗೆ ಹಿಗ್ಗುತ್ತದೆ, ಭಾರಕ್ಕೆ ಬಾಗುತ್ತದೆ. ಅದನ್ನು ಬಳಸುವುದಾದರೆ ಕೆಳಗಿನ ತೊಲೆಗಳನ್ನು ಹತ್ತಿರ ಹತ್ತಿರ ಹಾಕಿಸಿ. ಬ್ಯಾಟರಿ ಕುರ್ಚಿ ಮತ್ತು ಅದರಲ್ಲಿ ಕೂತವರ ಭಾರ ಸೇರಿ 200 ಕೆ.ಜಿ. ದಾಟಬಹುದು ಅಂತ ಬಡಗಿಗೆ ಮೊದಲೇ ಹೇಳಿ.

ಇಳಿಜಾರಿನ ಲೆಕ್ಕ ಸುಲಭ. 12ಕ್ಕೆ 1 ಅನ್ನುವುದು ಗಡಿ, 20ಕ್ಕೆ 1 ಇದ್ದರೆ ಆರಾಮ. 60 ಸೆಂ.ಮೀ. ಎತ್ತರದ ಬದು ಹತ್ತಲು ಮೊದಲ ಲೆಕ್ಕದಲ್ಲಿ 7.2 ಮೀಟರ್ ಉದ್ದದ ಇಳಿಜಾರು ಬೇಕು, ಎರಡನೆಯದರಲ್ಲಿ 12 ಮೀಟರ್. ಜಾಗ ಇದ್ದರೆ ಹನ್ನೆರಡು ಮೀಟರೇ ಮಾಡಿ. ಹತ್ತುವ ಶ್ರಮ ಎಲ್ಲರಿಗೂ ಗೊತ್ತು. ನೀರಿನ ಕಡೆಗೆ ಇಳಿಯುವಾಗಿನ ಭಯ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಗೊತ್ತು. ಇಳಿಜಾರಿನ ಕೊನೆಯಲ್ಲಿ 1.5 ಮೀಟರ್ ಸಮತಟ್ಟು ಜಾಗ ಬಿಟ್ಟೇ ನೀರಿನ ಅಂಚು ಬರಬೇಕು.

ಇಲ್ಲಿ ಕಂಬಿಯ ವಿಷಯ ಬರುತ್ತದೆ. ಹಲಗೆ ದಾರಿಯ ಎರಡೂ ಅಂಚಿಗೆ 7.5ರಿಂದ 10 ಸೆಂ.ಮೀ. ಎತ್ತರದ ಮರದ ಪಟ್ಟಿ ಬೇಕೇ ಬೇಕು, ಚಕ್ರ ಹೊರಗೆ ಜಾರದಿರಲು. ಬಿಳಿಕೋಲಿಗೂ ಅದೇ ದಾರಿ ತೋರಿಸುತ್ತದೆ. ಆಳ ಇರುವ ಕಡೆ ಅದರ ಮೇಲೆ ಕಂಬಿಯೂ ಬೇಕು. ಆದರೆ ಕಂಬಿಯ ಮೇಲ್ತುದಿ ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸಿನಲ್ಲಿ ಇರುತ್ತದೆ. ಕುರ್ಚಿಯಲ್ಲಿ ಕೂತವರ ಕಣ್ಣು 1.1ರಿಂದ 1.2 ಮೀಟರ್ ಎತ್ತರದಲ್ಲಿ. ಅಂದರೆ ದಪ್ಪನೆಯ ಮರದ ಕಂಬಿ ಹಾಕಿದರೆ ಅವರಿಗೆ ದಾರಿಯುದ್ದಕ್ಕೂ ಕಾಣುವುದು ಕಂಬಿ, ಹತ್ತಿರದ ನೀರಲ್ಲ. ಕಟ್ಟಡ ನಿಯಮ ಒಪ್ಪುವಷ್ಟು ತೆಳ್ಳಗಿನ ಕೊಳವೆ, ಕೆಳಗೆ ಬಿಗಿದ ತಂತಿ ಹಾಕಿಸಿ. ಇಲ್ಲವೇ ಆಳ ಕಡಿಮೆ ಇರುವ ಕಡೆ ದಾರಿ ಒಯ್ದು ಕಂಬಿಯ ಅಗತ್ಯವನ್ನೇ ತಪ್ಪಿಸಿ. ನಾನು ಸಾಧ್ಯವಾದಾಗಲೆಲ್ಲ ಎರಡನೆಯದನ್ನೇ ಹೇಳುತ್ತೇನೆ.

ಈಗ ನಿಮ್ಮ ಬಳಗದ ಜಗಳಕ್ಕೆ ಬರುತ್ತೇನೆ. ಹಕ್ಕಿಗಳ ಪರ ಮಾತಾಡುವವರು, ಜನರ ಪರ ಮಾತಾಡುವವರು ಅಂತ ಎರಡು ಗುಂಪಾಗಿದ್ದೀರಿ. ಜೌಗು ಪ್ರದೇಶಗಳ ರಕ್ಷಣೆಗೆ 1971ರಲ್ಲಿ ಇರಾನಿನ ರಾಮ್ಸರ್‌ನಲ್ಲಿ ಆದ ಒಪ್ಪಂದ ಜೌಗನ್ನು ಬೇಲಿ ಹಾಕಿ ಮುಚ್ಚಿಡಿ ಅನ್ನುವುದಿಲ್ಲ, ವಿವೇಕದಿಂದ ಬಳಸಿ ಅನ್ನುತ್ತದೆ. ಅಂಗವಿಕಲರ ಹಕ್ಕುಗಳ ಬಗ್ಗೆ 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಒಡಂಬಡಿಕೆಯ 30ನೇ ವಿಧಿ ಮನರಂಜನೆ, ಪ್ರವಾಸದ ತಾಣಗಳಿಗೆ ಹೋಗುವುದನ್ನೂ ಹಕ್ಕಿನ ಲೆಕ್ಕಕ್ಕೇ ಸೇರಿಸಿದೆ. ನನ್ನ ಅನುಭವದಲ್ಲಿ ಇವೆರಡೂ ಒಂದೇ ಕಡೆ ಎಳೆಯುತ್ತವೆ. ಹಕ್ಕಿಗೆ ಒಗ್ಗುವ ದಾರಿಯೇ ಹೆಚ್ಚಾಗಿ ಚಕ್ರಕ್ಕೂ ಒಗ್ಗುತ್ತದೆ.

ಹೇಗೆ ಅಂತೀರಾ? ಹಕ್ಕಿ ಹೆದರುವುದು ಮುಖ್ಯವಾಗಿ ದಿಢೀರನೆ ಕಾಣಿಸಿಕೊಳ್ಳುವ ಆಕಾರಕ್ಕೆ, ಆಕಾಶಕ್ಕೆ ಎದುರಾಗಿ ನಿಂತ ಮನುಷ್ಯನ ಆಕೃತಿಗೆ, ಅನಿರೀಕ್ಷಿತ ಸದ್ದಿಗೆ, ದಾರಿ ಬಿಟ್ಟು ನಡೆಯುವವರಿಗೆ. ನೀರಿನ ನಡುವೆ ಎತ್ತರದ ಹಲಗೆ ದಾರಿ ಹಾಕಿದರೆ ಅದರ ಮೇಲೆ ನಿಂತವರು ನಾಲ್ಕೂ ದಿಕ್ಕಿಗೆ ಕಾಣುತ್ತಾರೆ. ಹಕ್ಕಿಗಳು ದೂರ ಸರಿಯುತ್ತವೆ. ಅಷ್ಟು ಖರ್ಚು ಮಾಡಿ ಹೋಗಿ ಖಾಲಿ ನೀರು ನೋಡಬೇಕಾಗುತ್ತದೆ. ಅದೇ ದಾರಿ ದಡದಲ್ಲೇ ತಗ್ಗಿನಲ್ಲಿ ಸಾಗಿ, ಎರಡೂ ಕಡೆ ಜೊಂಡಿನ ಮರೆ ಇದ್ದು, ಒಂದು ವೀಕ್ಷಣೆಯ ಮನೆಗೆ ಬಂದು ಮುಟ್ಟಿದರೆ ಹಕ್ಕಿಗಳಿಗೆ ಜನ ಬಂದದ್ದೇ ಗೊತ್ತಾಗುವುದಿಲ್ಲ. ತಗ್ಗಿನ ಸಮ ದಾರಿ ಕುರ್ಚಿಗೂ ಸಲೀಸು, ದುಡ್ಡೂ ಉಳಿಯುತ್ತದೆ. ಹಲಗೆಗಳನ್ನು ಮೊಳೆ ಹೊಡೆಯದೆ ಸ್ಕ್ರೂ ಹಾಕಿ ಬಿಗಿಸಿ. ಮರ ನೆನೆದು ಒಣಗುತ್ತಾ ಮೊಳೆ ಮೇಲೇಳುತ್ತದೆ, ಹಲಗೆ ಗಡಗಡ ಅನ್ನತೊಡಗುತ್ತದೆ. ಆ ಸದ್ದಿಗೆ ಹಕ್ಕಿಗಳು ಏಳುತ್ತವೆ, ಆ ಮೊಳೆಗೆ ಚಕ್ರ ಹರಿಯುತ್ತದೆ.

ಜನ ಒಂದೇ ದಾರಿಯಲ್ಲಿ, ಒಂದೇ ರೀತಿ ಓಡಾಡಿದರೆ ಹಕ್ಕಿಗಳು ಒಗ್ಗಿಕೊಳ್ಳುವುದೂ ಉಂಟು. ಅಮೆರಿಕದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದ ಆನ್‌ಹಿಂಗ ಟ್ರೇಲ್ ಅದಕ್ಕೆ ಒಳ್ಳೆ ಉದಾಹರಣೆ. ಸುಮಾರು 1.3 ಕಿ.ಮೀ. ದಾರಿ, ಸ್ವಲ್ಪ ಕಲ್ಲುಹಾಸು, ಸ್ವಲ್ಪ ಹಲಗೆ, ಗಾಲಿಕುರ್ಚಿ ಹೋಗುವಂಥದ್ದು. ಹಾವಕ್ಕಿಯ ಬಳಗದ ಆನ್‌ಹಿಂಗ, ಬಕಗಳು ದಾರಿಯ ಪಕ್ಕದಲ್ಲೇ ಕೂತಿರುತ್ತವೆ. ಇಂಗ್ಲೆಂಡಿನ ಸ್ಲಿಂಬ್ರಿಜ್‌ನಲ್ಲಿ 1946ರಲ್ಲಿ ಪೀಟರ್ ಸ್ಕಾಟ್ ನೀರುಹಕ್ಕಿಗಳ ಕೇಂದ್ರ ಶುರು ಮಾಡಿದಾಗ ಜನರನ್ನು ದೂರ ಇಡಲಿಲ್ಲ. ಹಕ್ಕಿಗಳನ್ನು ಹತ್ತಿರದಿಂದ ನೋಡಿದವರೇ ಜೌಗನ್ನು ಉಳಿಸುತ್ತಾರೆ ಅನ್ನುವುದು ಅವರ ನಂಬಿಕೆಯಾಗಿತ್ತು.

ಇನ್ನೊಂದು ಮಾತು, ಇದನ್ನು ಬಹಳ ಕಡೆ ಮರೆಯುತ್ತಾರೆ. ಗೂಡು ಕಟ್ಟುವ ತಿಂಗಳುಗಳಲ್ಲಿ ಕೆಲವು ದಾರಿ ಮುಚ್ಚಬೇಕಾಗುತ್ತದೆ, ಅದು ಸರಿ. ಆದರೆ ನಿಮ್ಮ ಒಂದೇ ಒಂದು ಸಮ ದಾರಿ ಗೂಡಿನ ಜಾಗದ ಪಕ್ಕವೇ ಇದ್ದರೆ ಏನಾಗುತ್ತದೆ? ದಾರಿ ಮುಚ್ಚಿದಾಗ ಉಳಿದವರು ಬೇರೆ ಕಾಲುದಾರಿ ಹಿಡಿಯುತ್ತಾರೆ, ಗಾಲಿಕುರ್ಚಿಯವರಿಗೆ ಮಾತ್ರ ಪಕ್ಷಿಧಾಮವೇ ಮುಚ್ಚಿದ ಹಾಗೆ. ಹಾಗಾಗಿ ವರ್ಷವಿಡೀ ತೆರೆದಿಡಬಹುದಾದ ಜಾಗವನ್ನು ಮೊದಲು ಗುರುತಿಸಿ, ಸಮ ದಾರಿ ಅಲ್ಲಿಗೇ ಒಯ್ಯಿರಿ. ಅತಿ ಹೆಚ್ಚಿನ ನೀರಿನ ಮಟ್ಟವನ್ನೂ ಆಗಲೇ ನೋಡಿಕೊಳ್ಳಿ.

ವೀಕ್ಷಣೆಯ ಮನೆ, ಹಕ್ಕಿ ನೋಡುವವರು ಹೈಡ್ ಅನ್ನುತ್ತಾರಲ್ಲ, ಅದು ನನ್ನ ಪ್ರಕಾರ ನಿಮ್ಮ ಯೋಜನೆಯ ಜೀವಾಳ. ಸಾಮಾನ್ಯವಾಗಿ ಕಾಣುವ ಹೈಡ್ ಹೀಗಿರುತ್ತದೆ: ಉದ್ದಕ್ಕೂ ಕಿಂಡಿ, ಕಿಂಡಿಯ ಮುಂದೆ ನೆಲಕ್ಕೆ ಜಡಿದ ಬೆಂಚು. ಕುರ್ಚಿಯಲ್ಲಿ ಬಂದವರು ಬೆಂಚಿನ ಹಿಂದೆ ನಿಂತು, ಕೂತವರ ತಲೆಗಳ ನಡುವೆ ಇಣುಕಬೇಕು. ಕಿಂಡಿಯ ಎತ್ತರವೂ ನಿಂತವರ ಲೆಕ್ಕದ್ದು. ಒಳಗೆ ಬಂದು ಅರ್ಧ ಗಂಟೆ ಆದರೂ ಕಂಡದ್ದು ಆಕಾಶದ ಒಂದು ಪಟ್ಟಿ, ಅಷ್ಟೇ.

ಸರಿಪಡಿಸುವುದು ಕಷ್ಟವಲ್ಲ. ಕಿಂಡಿಯ ಕೆಳ ಅಂಚು 90 ಸೆಂ.ಮೀ. ಆಸುಪಾಸಿಗೆ ಇಳಿಯಲಿ, ಮಕ್ಕಳಿಗೂ ಕಾಣುತ್ತದೆ. ನಿಂತು ನೋಡುವವರಿಗೆ ಪಕ್ಕದಲ್ಲಿ ಎತ್ತರದ ಕಿಂಡಿ ಇರಲಿ. ಎರಡು ಕಡೆ ಬೆಂಚು ತೆಗೆದು ತಲಾ 90 ಸೆಂ.ಮೀ.ಗೆ ಕಡಿಮೆಯಿಲ್ಲದ ಜಾಗ ಬಿಡಿ. ಒಂದೇ ಸಾಲದು, ಗಾಲಿಕುರ್ಚಿಯ ಇಬ್ಬರು ಗೆಳೆಯರು ಒಟ್ಟಿಗೆ ಬರಬಹುದು. ಆ ಜಾಗ ಮೂಲೆಯಲ್ಲಿ ಬೇಡ. ಒಳ್ಳೆಯ ನೋಟ ಎಲ್ಲಿದೆಯೋ ಅಲ್ಲೇ ಇರಲಿ, ಜೊತೆಗೆ ಬಂದವರು ಪಕ್ಕದಲ್ಲಿ ಕೂರುವಂತಿರಲಿ. ಕಿಂಡಿಯ ಕೆಳಗೆ ಮೊಣಕೈ ಊರಲು ಒಂದು ಹಲಗೆ ಹಾಕಿ. ಕೈ ನಡುಗುವವರಿಗೆ ಬೈನಾಕ್ಯುಲರ್ ಹಿಡಿಯಲು ಅದು ದೊಡ್ಡ ಆಸರೆ. ಹಲಗೆಯ ಅಡಿಯಲ್ಲಿ ಮೊಣಕಾಲು ತೂರಲು 70 ಸೆಂ.ಮೀ. ಎತ್ತರ ಬಿಡಬೇಕು. ಕಿಂಡಿಯ ಮುಚ್ಚಳ ಮೇಲೆತ್ತಿ ಕೊಕ್ಕೆ ಹಾಕುವಂಥದ್ದು ಬೇಡ, ಕೂತವರ ಕೈಗೆ ಕೊಕ್ಕೆ ಎಟುಕುವುದಿಲ್ಲ. ಪಕ್ಕಕ್ಕೆ ಸರಿಸುವಂಥದ್ದು ಮಾಡಿಸಿ. ಟೆಲಿಸ್ಕೋಪ್ ಇಡುವುದಾದರೆ ಮೂರು ಕಾಲಿನ ಸ್ಟ್ಯಾಂಡ್ ಬೇಡ, ಕಾಲುಗಳು ಚಕ್ರಕ್ಕೆ ಅಡ್ಡ ಬರುತ್ತವೆ. ಹಲಗೆಗೆ ಬಿಗಿಯುವ ಹಿಡಿಕೆ ಸಾಕು.

ವಯಸ್ಸಾದವರಿಗೆ ಬೇಕಾದದ್ದು ಮುಖ್ಯವಾಗಿ ಕೂರುವ ಜಾಗ. 50ರಿಂದ 100 ಮೀಟರ್‌ಗೊಂದು ಬೆಂಚು, ಎತ್ತರ 45 ಸೆಂ.ಮೀ.ಗೆ ಕಡಿಮೆ ಬೇಡ, ಬೆನ್ನಿಗೆ ಆಸರೆ, ಏಳಲು ಕೈ ಊರುವ ಹಿಡಿಕೆ. ಮರದ ದಿಮ್ಮಿ ಇಟ್ಟರೆ ನೋಡಲು ಚಂದ, ಮಂಡಿನೋವಿನವರು ಅದರಿಂದ ಏಳಲಾರರು.

ಕಣ್ಣು ಕಾಣದವರಿಗೆ ಏನಿದೆ ಅಂತ ಕೇಳಿದಿರಿ. ಮುಂಜಾನೆಯ ಜೌಗಿನಲ್ಲಿ ಎಷ್ಟೋ ಹಕ್ಕಿಗಳು ನಮಗೂ ಕಾಣುವುದಿಲ್ಲ, ಕೇಳುತ್ತವೆ. ಜೊಂಡಿನೊಳಗಿನ ಗುಳುಮುಳುಕದ ನಡುಗುವ ಉದ್ದನೆಯ ಕೂಗು, ನಾಮದಕೋಳಿ ರೆಕ್ಕೆ ಬಡಿಯುತ್ತಾ ನೀರಿನ ಮೇಲೆ ಓಡುವ ಸದ್ದು, ಜೊಂಡಿಗೆ ಗಾಳಿ ಬೀಸಿದಾಗಿನ ಸರಸರ. ಕೂತು ಕೇಳಲು ಒಂದು ಜಾಗ ಆರಿಸಿ. ಪಂಪು, ಜನರೇಟರ್ ಅಲ್ಲಿಂದ ದೂರ ಇರಲಿ. ತೋರಿಸುವವರು ಅಲ್ಲಿ ನೋಡಿ, ಇಲ್ಲಿ ನೋಡಿ ಅನ್ನಬಾರದು. ಗಡಿಯಾರದ ಲೆಕ್ಕದಲ್ಲಿ ಹೇಳಬೇಕು, ಎರಡು ಗಂಟೆಯ ದಿಕ್ಕಿಗೆ, ಇಪ್ಪತ್ತು ಹೆಜ್ಜೆ ದೂರ ಅಂತ. ಕೊಕ್ಕು, ಕಾಲು, ಗೂಡಿನ ಮಾದರಿಗಳನ್ನು ಮರದಲ್ಲಿ ಮಾಡಿಸಿ ಮುಟ್ಟಲು ಕೊಡಿ. ತೇಲುವ ಎಲೆಗಳ ಮೇಲೆ ಓಡಾಡುವ ಜಕಾನಾ ಹಕ್ಕಿಯ ಉದ್ದ ಬೆರಳನ್ನು ಬಾತಿನ ಜಾಲಪಾದದ ಪಕ್ಕದಲ್ಲಿಟ್ಟು ಮುಟ್ಟಿದರೆ ಯಾವುದು ಎಲೆಗಳ ಮೇಲೆ ನಡೆಯುತ್ತದೆ, ಯಾವುದು ಈಜುತ್ತದೆ ಅಂತ ಕೈಗೇ ತಿಳಿಯುತ್ತದೆ. ಕಿವಿ ಕೇಳದವರ ಜೊತೆ ಇರುವಾಗ ಹಕ್ಕಿಯ ಕಡೆ ತಿರುಗಿ ಮಾತಾಡಬೇಡಿ, ಮೊದಲು ಅವರ ಮುಖ ನೋಡಿ ಹೇಳಿ, ಆಮೇಲೆ ತೋರಿಸಿ. ಗದ್ದಲ ಸಹಿಸಲಾಗದವರು ಇರುತ್ತಾರೆ, ಜನ ಕಡಿಮೆ ಇರುವ ಹೊತ್ತು ಯಾವುದು ಅಂತ ಮೊದಲೇ ತಿಳಿಸಿ.

ತಿಳಿಸುವುದು ಅಂದೆ. ಗೇಟಿಗೆ ಗಾಲಿಕುರ್ಚಿಯ ಚಿತ್ರ ಅಂಟಿಸಿದರೆ ಮುಗಿಯಲಿಲ್ಲ. ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ದಾರಿಯ ಉದ್ದ, ಅಗಲ, ಅತಿ ಕಡಿದಾದ ಜಾಗ, ನೆಲ ಎಂಥದ್ದು, ಬೆಂಚು ಎಲ್ಲೆಲ್ಲಿದೆ, ಮಳೆಗಾಲದಲ್ಲಿ ಎಲ್ಲಿ ಕೆಸರು, ಶೌಚಾಲಯದ ಅಳತೆ, ಇಷ್ಟನ್ನೂ ಫೋಟೋ ಸಮೇತ ಹಾಕಿ. ಹೋಗಬಹುದೇ ಬೇಡವೇ ಅನ್ನುವುದನ್ನು ಅವರೇ ತೀರ್ಮಾನಿಸಲಿ. ಅಮೆರಿಕದ ಬರ್ಡಬಿಲಿಟಿ ಸಂಸ್ಥೆಯ ನಕ್ಷೆಯಲ್ಲಿ ಹಕ್ಕಿ ನೋಡುವವರೇ ಪ್ರತಿ ತಾಣದ ಇಂಥ ವಿವರಗಳನ್ನು ತುಂಬಿಸುತ್ತಾರೆ. ಅಲ್ಲಿನ ಪ್ರಶ್ನೆಗಳನ್ನು ನೋಡಿದರೆ ನೀವು ಏನೇನು ಬರೆಯಬೇಕು ಅಂತ ಗೊತ್ತಾಗುತ್ತದೆ.

ದೋಣಿ? ಆಗಬಹುದು, ಆದರೆ ಕೊನೆಗೆ. ನೀರಿನ ಮಟ್ಟ ಏರಿಳಿಯುವ ಕಡೆ ಗಟ್ಟಿಯಾಗಿ ಕಟ್ಟಿದ ಕಟ್ಟೆ ಕೆಲವು ತಿಂಗಳು ಮಾತ್ರ ದೋಣಿಗೆ ಸಮವಾಗಿರುತ್ತದೆ. ನೀರಿನ ಜೊತೆ ಏರಿಳಿಯುವ ತೇಲು ಕಟ್ಟೆ ಬೇಕು. ದೋಣಿ ಅಗಲ ತಳದ್ದಾಗಿರಬೇಕು, ಕುರ್ಚಿಯ ಭಾರ ಸೇರಿಸಿ ಪರೀಕ್ಷಿಸಿರಬೇಕು. ಎಲ್ಲರಿಗೂ ಜೀವರಕ್ಷಕ ಜಾಕೆಟ್ ಕಡ್ಡಾಯ. ಒಂದು ವಿಷಯದಲ್ಲಿ ರಾಜಿ ಬೇಡವೇ ಬೇಡ: ಕುರ್ಚಿಯನ್ನು ದೋಣಿಗೆ ಕಟ್ಟಿ, ಅದರಲ್ಲಿ ಕೂತವರನ್ನು ಪಟ್ಟಿಯಿಂದ ಕುರ್ಚಿಗೆ ಬಿಗಿಯಬಾರದು. ದೋಣಿ ಮಗುಚಿದರೆ ಅವರು ಬಿಡಿಸಿಕೊಳ್ಳಲಾರರು. ಇಷ್ಟೆಲ್ಲ ಆಗುವವರೆಗೆ ನಾವೇ ನಾಲ್ಕು ಜನ ಎತ್ತಿ ಕೂರಿಸುತ್ತೇವೆ ಅಂತ ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ. ಒದ್ದೆ ಕಟ್ಟೆಯ ಮೇಲೆ ಒಬ್ಬರ ಕಾಲು ಜಾರಿದರೂ ಎತ್ತಿದವರು, ಎತ್ತಿಸಿಕೊಂಡವರು ಇಬ್ಬರೂ ನೀರಿಗೆ ಬೀಳುತ್ತಾರೆ.